ಹೊರಗಿನ ಚಿಲಕ

ಸಿದ್ದಾಪುರದ ಮೊಯ್ದುವಿನ ಅಂಗಳದಲ್ಲಿ ಬಾಗಿಲುಗಳು
ಪಡಿತರಕ್ಕೆ ಬಂದವರ ಹಾಗೆ ಒಂದಕ್ಕೊಂದು ಒರಗಿ ನಿಂತಿವೆ.
"ಇದು ಹಲಸು, ಅಕ್ಕಾ. ಗೆದ್ದಲಿಗೇ ಹಲ್ಲು ಮುರೀತದೆ.
ಮೂರೂವರೆ ಸಾವಿರ."
ಬಡಿದು ನೋಡಿದೆ, ಗಟ್ಟಿ.
ಚಿಲಕ ಮಾತ್ರ ಒಂದೇ, ಹೊರಗಡೆ.

"ಯಾರ ಮನೆಯದ್ದು?"
"ಪಾಲಿಬೆಟ್ಟದ ಕಡೆಯದ್ದು. ಉಗ್ರಾಣದ್ದಿರಬೇಕು,"
ಅಂದವನು ಟೇಪು ಸುತ್ತತೊಡಗಿದ.

ಒಳಮೈಯಲ್ಲಿ, ನೆಲದಿಂದ ಎರಡಡಿಯವರೆಗೆ
ಬಣ್ಣ ಸವೆದು ಮರ ಮಿನುಗುತ್ತಿತ್ತು
ಬೆನ್ನಿನಗಲ.
ಕಾಫಿ ಚೀಲ ಹಾಗೆ ಒರಗುವುದಿಲ್ಲ.

ಚೌಕಾಸಿ ಮರೆತು ಎಣಿಸಿಕೊಟ್ಟೆ.
ಇನ್ನೂರು ಅವನೇ ವಾಪಸ್ಸು ಕೊಟ್ಟ.

ಈಗದು ನಮ್ಮ ಹೊಸ ಬಚ್ಚಲಿಗೆ.
ರಾಘವಾಚಾರಿ ಗೊಣಗುತ್ತಲೇ
ಚಿಲಕ ಕಿತ್ತು ಒಳಗೆ ಹೊಡೆದ.
ಹಳೇ ಮೊಳೆಯ ತೂತು ಮುಚ್ಚಬೇಡ ಅಂದೆ.

ಹಂಡೆ ಕಾಯುವ ತನಕ
ಚಿಲಕ ಹಾಕಿ, ಅಲ್ಲೇ ಬೆನ್ನು ಕೊಟ್ಟು ಕೂರುತ್ತೇನೆ.
ಸವೆತ ನನ್ನ ಭುಜಕ್ಕಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ.
ಗಿಡ್ಡ ಇದ್ದಳು.