ಆರಿದರೂ ಆದೀತು

ಪಾಡ್ಯಕ್ಕೆ ಇನ್ನೆರಡು ದಿನ ಎನ್ನುವಾಗ
ಮಂಡಕ್ಕಿ ಭಟ್ಟಿಯ ಜಬೀವುಲ್ಲಾ ಕೇಳಿದ:
"ಜೊತಿಗೆ ಮಿರ್ಚಿ ಎಷ್ಟು ಜನಕ್ಕೆ ಹಾಕ್ತೀರಮ್ಮ?"
"ಹಾಕಲ್ಲ" ಅಂದೆ.
ಸೇರು ಎತ್ತಿದವನು ಎತ್ತಿದ ಹಾಗೇ ನಿಂತ.
ದಾವಣಗೆರೆಯಲ್ಲಿ, ಹಬ್ಬದ ಸಂಜೆ, ಮಿರ್ಚಿಯಿಲ್ಲದ ಮಂಡಕ್ಕಿ!
ವಾಲಗ ಬಿಟ್ಟು ಮದುವೆ ಮಾಡಿದ ಹಾಗೆ.

ಮಿರ್ಚಿಗೆ ಯಾರಾದರೊಬ್ಬರು ನಿಂತೇ ಇರಬೇಕು.
ಬಾಣಲೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ
ಮೆತ್ತಗಾಗಿ ಮುಖ ಇಳಿಬಿಡುವ ಜಾತಿ ಅದು.
ಇಪ್ಪತ್ತಾರು ಪಾಡ್ಯ ನಿಂತೆ.
ಗೋಡೆಯಾಚೆ ಚಿಕ್ಕಮಾವ ತಿಪ್ಪೇರುದ್ರಪ್ಪ
ಸೈಕಲ್ಲಿನ ಕಥೆ ಹೇಳುತ್ತಿದ್ದರು, ಪ್ರತಿ ವರ್ಷ ಅದೇ.
ನನಗೆ ಕೇಳುತ್ತಿದ್ದದ್ದು "ಸೈಕಲ್ಲು" ಅಷ್ಟೇ,
ಆಮೇಲೆ ಹಿಟ್ಟು ಎಣ್ಣೆಗೆ ಬಿದ್ದು ಚೊಂಯ್,
ಆಮೇಲೆ ನಗು, ಹೆಂಚು ಹಾರುವಂಥ ನಗು,
ಆಮೇಲೆ ಖಾಲಿ ತಟ್ಟೆ ಹಿಡಿದ ದಾಕ್ಷಾಯಣಿ:
"ಅತ್ಗೆಮ್ಮಾ, ಇನ್ನೊಂದು ಒಬ್ಬೆ."

ಅದಕ್ಕೇ ಈ ಸಲ ಆರುವುದನ್ನೇ ಆರಿಸಿಕೊಂಡೆ.
ಒಲೆಯ ಬಿಸಿಯೂ ಬೇಡ, ಫ್ರಿಜ್ಜಿನ ಚಳಿಯೂ ಬೇಡ,
ಮನೆಯಲ್ಲಿ ಮನುಷ್ಯರಿಗೆ ಎಷ್ಟೋ
ನಮಗೂ ಅಷ್ಟೇ ಸಾಕು ಎನ್ನುವಂಥವು.
ಕೋಡುಬಳೆ ಹಿಂದಿನ ದಿನವೇ ಕರಿದು ಡಬ್ಬಿಗೆ.
ಖಡಕ್ ರೊಟ್ಟಿ ಅಂಗೈಗಿಂತ ಚಿಕ್ಕದು, ಬಾಯಿಗೊಂದು,
ಮೇಲೆ ಗುರೆಳ್ಳು ಪುಡಿ;
ಬೆಣ್ಣೆ ಬಂದವರೇ ಹಚ್ಚಿಕೊಳ್ಳಲಿ, ಕೈಯಿದೆ.
ಉಸುಳಿಗೆ ಕಾಯಿ ಹಾಕಲಿಲ್ಲ. ಕಾಯಿ ಹಳಸುತ್ತದೆ,
ನಿಂಬೆಹುಳಿ ಕಾಯುತ್ತದೆ.
ಮಂಡಕ್ಕಿಯ ಒಗ್ಗರಣೆ ಬೇರೆ ಮಾಡಿ ಬಾಟಲಿಗೆ ತುಂಬಿದೆ.
ಪುಟಾಣಿ ಹಿಟ್ಟು ಬೇರೆ. ಈರುಳ್ಳಿ ಕೊನೆಯ ಗಳಿಗೆಗೆ.
ಒದ್ದೆಯೂ ಗರಿಗರಿಯೂ ಬೇಗ ಕೂಡಿದರೆ ಸಂಸಾರ ಕೆಡುತ್ತದೆ.

"ನಿನ್ನೆಯದಾ?" ಅತ್ತೆ ಮೂಗು ಎಳೆದರು.
"ಉಪ್ಪಿನಕಾಯಿ ಯಾವತ್ತಿಂದು ಅತ್ತೆ?"
ಬಾಯಿ ತಪ್ಪಿ ಬಂದುಬಿಟ್ಟಿತು.
ಅವರು ಒಂದು ಕೋಡುಬಳೆ ಮುರಿದರು,
ಶಬ್ದ ಕೇಳಿಸಿಕೊಂಡರು,
ಇನ್ನೊಂದು ತಗೊಂಡರು.

ಪಾಡ್ಯದ ಸಂಜೆ ವಿನೋಬನಗರದ ತುಂಬ ಪಟಾಕಿ ಹೊಗೆ.
ಹೊಸ್ತಿಲಲ್ಲಿ ಸಗಣಿಯ ಹಟ್ಟಿ ಲಕ್ಕಮ್ಮ,
ತಲೆಗೆ ಚೆಂಡುಹೂ ಸಿಕ್ಕಿಸಿಕೊಂಡು ಯಾರನ್ನೋ ಕಾಯುವ ಹಾಗೆ.
ಆರಕ್ಕೆ ಬಂದವರಿಗೂ ಅದೇ ರುಚಿ,
ಹರಿಹರದ ಬಸ್ಸು ಕೆಟ್ಟು ಎಂಟಕ್ಕೆ ಬಂದ ಷಡಕ್ಷರಿಗೂ ಅದೇ.
"ಆರಿ ಹೋಯ್ತು" ಎಂದು ಯಾರೂ ಅನ್ನಲಿಲ್ಲ.

ನಾನು ಪಡಸಾಲೆಗೆ ಬಂದೆ.
ಎಲ್ಲಿ ಕೂರುವುದೋ ಗೊತ್ತಾಗಲಿಲ್ಲ.
ಇಷ್ಟು ವರ್ಷ ಧೂಳು ಒರೆಸಿದ ಸೋಫಾ
ಕೂತರೆ ಇಷ್ಟು ತಗ್ಗು ಎಂದು ಯಾರೂ ಹೇಳಿರಲಿಲ್ಲ.
ಕೈಗಳನ್ನು ಮಡಿಲಲ್ಲಿಟ್ಟೆ. ಅವು ಅಲ್ಲಿರಲೊಲ್ಲವು;
ಸೆರಗು ಹುಡುಕಿದವು, ಜಾಲರಿ ಸೌಟು ಹುಡುಕಿದವು,
ಕೊನೆಗೆ ದಾಕ್ಷಾಯಣಿಯ ಮಗಳ ಜಡೆ ಸಿಕ್ಕಿತು,
ಚೆನ್ನಾಗಿದ್ದದ್ದನ್ನೇ ಬಿಚ್ಚಿ ಹೆಣೆಯತೊಡಗಿದವು.

ಚಿಕ್ಕಮಾವ ಗಂಟಲು ಸರಿಮಾಡಿಕೊಂಡರು.
ಕಥೆ ಇಷ್ಟು:
ಮಿಲ್ಲಿನ ಕಾಲ. ಸೆಕೆಂಡ್ ಶೋ ನೋಡಿ ನಿದ್ದೆಗಣ್ಣಲ್ಲಿ
ನಡೆದೇ ಮನೆಗೆ ಬಂದರಂತೆ, ಸೈಕಲ್ಲು ಟಾಕೀಸಿನಲ್ಲೇ.
ಬೆಳಿಗ್ಗೆ ನೆನಪಾಗಿ ಬಾಡಿಗೆ ಸೈಕಲ್ಲು ಹತ್ತಿ ಹೋದರಂತೆ.
ತಮ್ಮದು ಸಿಕ್ಕ ಖುಷಿಗೆ ಅದನ್ನೇ ಹತ್ತಿ ಬಂದರಂತೆ,
ಬಾಡಿಗೆಯದು ಅಲ್ಲೇ.

ಇಷ್ಟೇ.
ಇಷ್ಟಕ್ಕಾ?

ಎಲ್ಲರೂ ನಕ್ಕರು. ನಾನು ಒಂದು ಗುಕ್ಕು ತಡವಾಗಿ ನಕ್ಕೆ.
ಗೋಡೆಯಾಚೆ ನಿಂತು ನಾನು ಕಟ್ಟಿಕೊಂಡ ಕಥೆಯಲ್ಲಿ
ಪೊಲೀಸರಿದ್ದರು, ಕೆರೆ ಏರಿಯಿತ್ತು, ಬೆಳದಿಂಗಳಿತ್ತು,
ಕ್ಯಾರಿಯರ್ ಮೇಲೆ, ಹೆಸರು ಹೇಳಬಾರದ ಒಬ್ಬ ಹುಡುಗಿಯಿದ್ದಳು.
ಅವಳನ್ನು ಈಗ ಎಲ್ಲಿ ಇಳಿಸಲಿ?

"ಆ ಬಾಡಿಗೆ ಸೈಕಲ್ಲು ಏನಾಯ್ತು ಮಾವ?" ಅಂದೆ.

ನಗು ನಿಂತಿತು.
ಯಾರೂ ಕೇಳಿರಲಿಲ್ಲವಂತೆ, ಒಂದು ಸಲವೂ.
ಚಿಕ್ಕಮಾವನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ನಿಂತಿತ್ತು,
ಬೆಣ್ಣೆ ತನ್ನ ಪಾಡಿಗೆ ತಾನು ಕರಗುತ್ತಿತ್ತು.
"ತಡಿಯಮ್ಮ," ಅಂದರು, "ಅದು ಬ್ಯಾರೆ ಕಥಿ.
ಕೂತ್ಕ, ಹೇಳ್ತೀನಿ."

"ಕೂತೀನಿ ಮಾವ" ಅಂದೆ.