ಸುತ್ತಿನ ಲೆಕ್ಕ

ಕೀಲಾರದ ಆಸ್ಪತ್ರೆಯಿಂದ ಆಟೋದಲ್ಲಿ ಬಂತು
ಹಸುಗೂಸು ಮಲಗಿಸುವ ಬೆಚ್ಚನೆ ಪೆಟ್ಟಿಗೆ,
ಜೊತೆಗೆ ಸಿಸ್ಟರ್ ಜಯಶೀಲಿಯ ಚೀಟಿ:
‘ಬಿಸಿ ಏರಿದರೆ ಇಳಿಯುವುದಿಲ್ಲ. ಸೋಮವಾರದೊಳಗೆ.’

ನಾನು ಮೋಟಾರು ಸುತ್ತುವವನು.
ಗುತ್ತಲು ರಸ್ತೆಯಲ್ಲಿ ಮೂವತ್ತೊಂದು ವರ್ಷ
ತಾಮ್ರದ ತಂತಿ, ವಾರ್ನಿಷ್ಷಿನ ವಾಸನೆ,
ಸುಟ್ಟ ಪಂಪುಗಳ ಸಾಲು.
ಈ ಪೆಟ್ಟಿಗೆಯ ಬೆನ್ನು ಬಿಚ್ಚಿದರೆ
ಒಳಗೆ ಗೊತ್ತಿಲ್ಲದ ಊರಿನ ಬೀದಿಗಳು.
ಮಾಡಿದ ಕಂಪನಿ ಬಾಗಿಲು ಹಾಕಿ
ಹದಿನೆಂಟು ವರ್ಷ; ಫೋನ್ ನಂಬರು
ಈಗ ಯಾವುದೋ ಕಲ್ಯಾಣ ಮಂಟಪದ್ದು.

‘ನಕ್ಷೆ ಇಲ್ದೆ ಕೈ ಹಾಕ್ಬೇಡ ಕಣಣ್ಣ,
ಮಗ ಮಲಗೋ ಜಾಗ,’ ಅಂದ ಮರಿಲಿಂಗು.
ಅವನೇ ತೋರಿಸಿದ್ದು ಆ ಹುಡುಕುವ ಪುಟ:
ಬಣ್ಣವಿಲ್ಲ, ಜಾಹೀರಾತಿಲ್ಲ,
ಒಂದು ಖಾಲಿ ಗೆರೆ, ಅಷ್ಟೆ.
ಯಾರೋ ಹತ್ತಾರು ಜನ ಸಂಬಳವಿಲ್ಲದೆ ಕಟ್ಟಿದ್ದಂತೆ.
ಲೋಕದಲ್ಲಿ ಎಲ್ಲೆಲ್ಲಿ ಬೀಗ ಹಾಕದ ಸರ್ವರುಗಳಿವೆಯೋ,
ಕಾಲೇಜಿನವು, ಕಚೇರಿಯವು, ಯಾರದೋ ಅಟ್ಟದವು,
ಕಂಡವರು ಕಂಡದ್ದನ್ನು ಬರೆದಿಡುತ್ತಾರೆ:
ಇಂಥ ಕಡೆ, ಇಂಥ ಕಪಾಟಿನಲ್ಲಿ, ಇಂಥ ಹೆಸರಿನ ಕಡತ.
ನಮ್ಮ ಕಡೆ ನೀರಗಂಟಿಗೆ ಗೊತ್ತಿರುತ್ತಿತ್ತಲ್ಲ
ಯಾವ ತೂಬು ಯಾವ ಗದ್ದೆಗೆಂದು, ಹಾಗೆ.
ನೀರು ಅವನದಲ್ಲ. ದಾರಿ ಮಾತ್ರ ಅವನ ಬಾಯಲ್ಲಿ.

ಬರೆದೆವು ಯಂತ್ರದ ಹೆಸರು.
ಬಂದವು ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗಳು,
ನೂರ ಹನ್ನೆರಡು.
ಒಂದಕ್ಷರ ತಿದ್ದಿದೆವು; ಬಂತು
ಯಾವುದೋ ದೇಶದ ಉಪ್ಪಿನಕಾಯಿಯ ವಿಧಾನ.
ಮರಿಲಿಂಗು ನಕ್ಕ. ನನಗೆ ನಗು ಬರಲಿಲ್ಲ.
ಹೆಸರು ಬಿಟ್ಟು, ಹಿಂಬದಿಯ ತಗಡಿನಲ್ಲಿ
ಕೊರೆದಿದ್ದ ನಂಬರು ಹೊಡೆದೆ.
ಎರಡು ಸಾಲು.
ಒಂದು ತೆರೆಯಿತು, ಒಳಗೆ ಏನೂ ಇಲ್ಲ,
ಗುಡಿಸಿ ಖಾಲಿ ಮಾಡಿ ಹೋದ ಮನೆ.
ಇನ್ನೊಂದು ಇಳಿಯತೊಡಗಿತು
ಬೇಸಿಗೆಯ ನಲ್ಲಿಯ ಹಾಗೆ, ತೊಟ್ಟು ತೊಟ್ಟು.
ಆಚೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು
ಹಾಯುತ್ತಿದ್ದವು; ಎಣಿಸುತ್ತ ಕೂತು, ಎಣಿಸುವುದು ಬಿಟ್ಟೆ.

ಅರವತ್ತೆರಡು ಪುಟ.
ನಲವತ್ತನೆಯದರಲ್ಲಿ ನಕ್ಷೆ, ಸ್ವಲ್ಪ ಸೊಟ್ಟ;
ಮೂಲೆಯಲ್ಲಿ, ಪುಟ ಒತ್ತಿ ಹಿಡಿದ
ಒಂದು ಹೆಬ್ಬೆರಳು.
ಉಗುರಿನ ಪಕ್ಕ ಸುಟ್ಟ ಕಲೆ, ಅಕ್ಕಿಕಾಳಷ್ಟು.
ಸಾಲ್ಡರಿಂಗ್ ಕಡ್ಡಿ ತಾಗಿದ್ದು. ಗೊತ್ತು ನನಗೆ,
ನನ್ನ ಕೈಯಲ್ಲಿ ಅಂಥವು ನಾಲ್ಕಿವೆ.
ಯಾವ ಭಾಷೆಯವನೋ, ಯಾವ ಭಾಷೆಯವಳೋ,
ಯಾರೂ ಕೇಳದಿದ್ದಾಗ
ಅರವತ್ತೆರಡು ಸಲ ಪುಟ ಮಗುಚಿದ್ದಾರೆ.

ಹೋಗಿದ್ದದ್ದು ಒಂದು ರಿಲೇ. ನಲವತ್ತು ರೂಪಾಯಿ.
ಭಾನುವಾರ ರಾತ್ರಿ ಬಿಸಿ
ಮೂವತ್ತಾರಕ್ಕೆ ಏರಿ, ನಿಂತಿತು.
ನಂಬದೆ, ಒಳಗೊಂದು ಲೋಟ ನೀರಿಟ್ಟು
ಬೆಳಗಿನವರೆಗೂ ಬೆರಳದ್ದಿ ನೋಡುತ್ತಿದ್ದೆ.

ನಮ್ಮ ಕಸುಬಿನಲ್ಲಿ ಲೆಕ್ಕ ಹೇಳಿಕೊಡುವುದಿಲ್ಲ.
ಯಾವ ಮೋಟಾರಿಗೆ ಎಷ್ಟು ಸುತ್ತು, ಎಷ್ಟನೇ ತಂತಿ?
ನಂಜುಂಡಾಚಾರರು ಬೆನ್ನು ತಿರುಗಿಸಿ ಎಣಿಸುತ್ತಿದ್ದರು,
ತುಟಿ ಅಲ್ಲಾಡುವುದೂ ಕಾಣಬಾರದು.
ಅವರ ಭುಜ ಅಲುಗಿದ್ದನ್ನು ಎಣಿಸಿ ನಾನು ಕಲಿತೆ.
ಆಮೇಲೆ ನಾನೂ ಬೆನ್ನು ತಿರುಗಿಸಿದೆ, ಮರಿಲಿಂಗುವಿಗೂ.

ಸೋಮವಾರ ಪೆಟ್ಟಿಗೆ ಕಳಿಸಿ,
ಎಣ್ಣೆಜಿಡ್ಡಿನ ನೋಟ್‌ಬುಕ್ಕು ಹೊರತೆಗೆದು
‘ಇದರ ಫೋಟೋ ಹಿಡಿಲಾ’ ಅಂದೆ.
ಜ್ವರ ಬಂದಿದೆಯೇನೋ ಅನ್ನುವಂತೆ ನೋಡಿದ.
ಹಿಡಿದ. ಎಲ್ಲಿ ಹಾಕಿದನೋ, ಯಾವ ಬೀಗವಿಲ್ಲದ ಕಡೆ.
ತಿಂಗಳ ಮೇಲೆ ಆ ಖಾಲಿ ಗೆರೆಯಲ್ಲಿ
‘ಐದು ಎಚ್.ಪಿ. ಪಂಪು’ ಎಂದು ಬರೆದರೆ
ಊರೂರ ಸಾಲುಗಳ ನಡುವೆ ನನ್ನ ಕೈಬರಹ
ಒಂದು ಸಾಲಾಗಿ ನಿಂತಿತ್ತು,
ಹೆಸರಿಲ್ಲದೆ, ತೂಕವಷ್ಟೇ ತೋರಿಸಿ.

ಎಲ್ಲ ಪುಟವೂ ಅಲ್ಲ.
ಆಲೆಮನೆಯ ಹಳೇ ಗಾಣದ ಮೋಟಾರಿನದ್ದು ಒಂದಿದೆ,
ಈ ಜಿಲ್ಲೆಯಲ್ಲಿ ನನಗೊಬ್ಬನಿಗೇ ಗೊತ್ತಿರುವುದು.
ಫೋಟೋಗೆ ಮುಂಚೆ ಅದನ್ನು ಹರಿದು ಜೇಬಿಗಿಟ್ಟೆ.
ಹೊಟ್ಟೆಪಾಡು.
ಮರಿಲಿಂಗು ನೋಡಿದ, ಏನೂ ಅನ್ನಲಿಲ್ಲ.
ಗಾಣದ ಮೋಟಾರು ಬಂದ ದಿನ
ಈಗಲೂ ಬೆನ್ನು ತಿರುಗಿಸಿಯೇ ಕೂರುತ್ತೇನೆ;
ಎಣಿಕೆ ಮಾತ್ರ, ಯಾಕೋ,
ಬಾಯಿಬಿಟ್ಟೇ ಬರುತ್ತದೆ.