ಕಾಣೆ

ಬೆಳಿಗ್ಗೆ ಆರೂವರೆಗೆ ಬುಟ್ಟಿ ಇಳಿಸಿದ ಗುಲಾಬಕ್ಕ
ಒಂದು ಕಾಣೆ ಎತ್ತಿ ಕೊಟ್ಟಳು, ಗೇಣುದ್ದದ್ದು.
"ಎಂತ ಮಾರಾಯ್ತಿ, ಫೋಟೋ ತೆಗೆದರೆ ಸಾಲದಾ?"
ಸಾಲದು ಅಕ್ಕ. ಫೋಟೋದಲ್ಲಿ ಹೊಳಪು ಬರುತ್ತದೆ,
ಮುಳ್ಳಿನ ಲೆಕ್ಕ ಬರುವುದಿಲ್ಲ.
ಬೆನ್ನಿನ ಮೊದಲ ರೆಕ್ಕೆಗೆ ಹನ್ನೊಂದು.
ಒಂದು ತಪ್ಪಿದರೂ ಪುಸ್ತಕದವರು
ಚಿತ್ರವನ್ನು ವಾಪಸು ಕಳಿಸುತ್ತಾರೆ, ದುಡ್ಡನ್ನು ಕಳಿಸುವುದಿಲ್ಲ.

ಸ್ಟೀಲಿನ ತಟ್ಟೆ, ಐಸು, ಮೇಲೆ ಒದ್ದೆ ಬೈರಾಸು.
ಹೊಯಿಗೆ ಬಜಾರಿನ ಈ ಕೋಣೆಯಲ್ಲಿ ಐಸಿನ ಆಯುಸ್ಸು
ಒಂದೂವರೆ ಗಂಟೆ.
ಬೆಳ್ಳಿ ಬಣ್ಣದ್ದು ಅದಕ್ಕೂ ಕಡಿಮೆ.

ನಿನ್ನೆ ಬಂದ ಟ್ಯಾಬ್ಲೆಟ್ಟು, ಸೆಕೆಂಡ್ ಹ್ಯಾಂಡ್,
ಮೂಲೆಯಲ್ಲಿ ಯಾರದೋ ಮಗು ಅಂಟಿಸಿದ ನಕ್ಷತ್ರ.
ಕೇಬಲ್ ಚುಚ್ಚಿದೆ. ದೀಪ ಹತ್ತಿತು.
ಲಿನಕ್ಸಿನ ಕಪ್ಪು ಕಿಟಕಿಯಲ್ಲಿ ಕೇಳಿದೆ, ಯಾರ್ಯಾರು ಉಂಟು?
ಮೌಸ್ ಉಂಟು.
ಕೀಬೋರ್ಡ್ ಉಂಟು.
ಪೆನ್ನು?
ಕಾಣೆ.

ತಟ್ಟೆಯಲ್ಲಿ ಇದ್ದದ್ದೂ ಕಾಣೆ
ಪರದೆಯಲ್ಲಿ ಇಲ್ಲದ್ದೂ ಕಾಣೆ.
ನಗು ಬಂತು, ಒಬ್ಬಳೇ ಇದ್ದೆ, ನಕ್ಕೆ.

ಕಿತ್ತು ಇನ್ನೊಂದು ತೂತಿಗೆ ಚುಚ್ಚಿದೆ.
ಡ್ರೈವರ್ ಇಳಿಸಿದೆ, ಹಳೆಯದನ್ನು ಎಬ್ಬಿಸಿ ಹೊರಗೆ ಕಳಿಸಿದೆ.
ಒಂದೇ ಜಾಗಕ್ಕೆ ಇಬ್ಬರು ಒಳಗೆ ಜಗಳಾಡುತ್ತಿದ್ದರು,
ಕಂಕನಾಡಿ ಬಸ್ಸಿನ ಕಿಟಕಿ ಸೀಟಿಗೆ ಆಡುವ ಹಾಗೆ.
ಎಂಟು ಗಂಟೆಗೆ ಬಾಣ ಅಲುಗಿತು.

ಮೊದಲು ಕಣ್ಣು ಬರೆಯುವುದು ನನ್ನ ಅಭ್ಯಾಸ.
ಕಣ್ಣು ಕೂತರೆ ಮೀನು ತಾನಾಗಿ ಬರುತ್ತದೆ.
ಕೈ ದುಂಡಗೆ ಸುತ್ತಿತು, ಪರದೆಯಲ್ಲಿ ಬಿದ್ದದ್ದು ಮೊಟ್ಟೆ.
ಎರಡು ಪರದೆಗೂ ಸೇರಿಸಿ ಇದು ಹಲಗೆಯನ್ನು ಎಳೆದಿದೆ,
ಒಬ್ಬರ ಚಾಪೆಯಲ್ಲಿ ಇಬ್ಬರನ್ನು ಮಲಗಿಸಿದ ಹಾಗೆ.
ಬಲದ್ದೊಂದೇ ಸಾಕು ಎಂದು ಬರೆದು ಎಂಟರ್ ಒತ್ತಿದೆ.
ದುಂಡಗೆ ಎಂದದ್ದು ದುಂಡಗಾಯಿತು.

ಆದರೆ ನಾನು ಎಡಚಿ.
ಬಟನ್ನುಗಳು ಮಣಿಕಟ್ಟಿನ ಅಡಿಗೆ ಸಿಕ್ಕಿ
ಗೆರೆಗೊಂದು ಗೆರೆ ಅಳಿಸುತ್ತಿವೆ.
ಬಾಲವಾಡಿಯಲ್ಲಿ ಕ್ರಿಸ್ತಿನ್ ಬಾಯಿ ಕಡ್ಡಿಯನ್ನು ಕಿತ್ತು
ಬಲಗೈಗೆ ದಾಟಿಸುತ್ತಿದ್ದರು, ದಿನಾ, ನಗುತ್ತಲೇ.
ಇಲ್ಲಿ ಒಂದು ಶಬ್ದ ಕೊಟ್ಟೆ, ಹಲಗೆಯನ್ನು ತಲೆಕೆಳಗಿಟ್ಟೆ.
ಒಳಗಿನ ಲೋಕವೂ ಅರ್ಧ ಸುತ್ತು ತಿರುಗಿ ಕೂತಿತು
ತಕರಾರಿಲ್ಲದೆ.

ಒಂಬತ್ತು. ಐಸು ನೀರಾಗಿ ಬಾಲ ತೇಲುತ್ತಿದೆ.
ಹೊಟ್ಟೆಯ ಬೆಳ್ಳಿ ಸೀಸವಾಗುತ್ತಿದೆ.
ಕಿಟಕಿ ಸರಳಿನ ಆಚೆ ಬೆಕ್ಕು.
ಅದರ ಸೆಟ್ಟಿಂಗೆಲ್ಲ ಹುಟ್ಟುವಾಗಲೇ ಸರಿಯಿತ್ತು.

ಇನ್ನು ಒತ್ತಡ. ನನ್ನ ಕೈ ಭಾರ.
ಹನ್ನೆರಡು ವರ್ಷ ನಿಬ್ಬಿನಲ್ಲಿ ಚುಕ್ಕಿ ಇಟ್ಟ ಕೈ,
ನೆರಳನ್ನು ಚುಕ್ಕಿಯಿಂದಲೇ ತೂಗಿದ ಕೈ.
ಈಗ ಅದನ್ನು ನಾಲ್ಕು ಅಂಕಿಯಲ್ಲಿ ಹೇಳಬೇಕಂತೆ.
ಗುಲಾಬಕ್ಕನನ್ನು ನಿಲ್ಲಿಸಿ
ನಿನ್ನ ಕತ್ತಿಯ ಕೋನ ಎಷ್ಟು ಡಿಗ್ರಿ ಎಂದು ಕೇಳಿದರೆ?
ಸೊನ್ನೆ ಸೊನ್ನೆ ನೂರು ನೂರು: ಮುಟ್ಟಿದಲ್ಲೆಲ್ಲ ಮಸಿ.
ಐವತ್ತು ಕೊಟ್ಟೆ, ಅರುವತ್ತು ಕೊಟ್ಟೆ.
ಎಪ್ಪತ್ತೈದು, ಸೊನ್ನೆ, ನೂರು, ಇಪ್ಪತ್ತೈದು.
ಚುಕ್ಕಿ ಬಿತ್ತು. ಸಾಸಿವೆಗಿಂತ ಸಣ್ಣದು.
ನನ್ನದೇ.

ಏಳು ಮುಳ್ಳು ಬರೆದೆ.
ಕರೆಂಟು ಹೋಯಿತು.

ಬಂದಾಗ ಉಳಿಸಿದ್ದ ಏಳೂ ಮುಳ್ಳು ಇದ್ದವು.
ನಾನು ಮಾತ್ರ ಮತ್ತೆ ಬಲಗೈಯವಳಾಗಿದ್ದೆ,
ಮೀನಿನ ಕಣ್ಣು ಮತ್ತೆ ಮೊಟ್ಟೆ.
ಯಂತ್ರಕ್ಕೆ ಚಿತ್ರ ನೆನಪಿರುತ್ತದೆ, ಕೈ ನೆನಪಿರುವುದಿಲ್ಲ.
ಹೇಳಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟೆ, ಆರು ಸಾಲು,
ಏಳುವಾಗಲೆಲ್ಲ ಮೊದಲು ಇದನ್ನು ಓದಿಕೋ ಎಂದು.

ಅಷ್ಟರಲ್ಲಿ ಮೀನು ಚಿತ್ರಕ್ಕೆ ಆಗದಷ್ಟು ಮಂಕು,
ಸಾರಿಗೂ ಸ್ವಲ್ಪ ತಡ. ಅರ್ಧ ನೋಡಿ ಅರ್ಧ ನಂಬಿ
ರೆಕ್ಕೆ ಮುಗಿಸಿದೆ, ಬೈರಾಸು ತೆಗೆದೆ.
ಮೆಣಸು ಹಚ್ಚಿ, ರೆಕ್ಕೆ ಕತ್ತರಿಸದೆ, ಹಾಗೆಯೇ ಕಾಯಿಸಿದೆ.
ಗಂಜಿಯ ಜೊತೆ ನಿಧಾನಕ್ಕೆ ತಿಂದೆ.
ತಟ್ಟೆಯಂಚಿಗೆ ಒಂದೊಂದೇ ಮುಳ್ಳು ಇಟ್ಟು ಎಣಿಸಿದೆ:
ಹನ್ನೊಂದು.
ಪರದೆಯಲ್ಲಿ ಹತ್ತು.

ಊಟ ಇವತ್ತಿಗೂ ಬಲಗೈಯದೇ, ಕ್ರಿಸ್ತಿನ್ ಬಾಯಿಯ ಪುಣ್ಯ.
ಎಡಗೈ ಒಣಗಿಯೇ ಇತ್ತು.
ಏಳದೆ, ಕೈ ತೊಳೆಯದೆ,
ಕುಳಿತಲ್ಲಿಂದಲೇ ಪೆನ್ನಿಗೆ ಚಾಚಿದೆ.